ಅತ್ತಿಗೆ ಕ್ಲಿಪ್ಪು

ಹೆಂಡತಿಯ ಮಾತನ್ನು ಬೆಳಗ್ಗೆ ಆಫೀಸಿಗೆ ಕಾಲಿಟ್ಟ ಗಳಿಗೆಯಿಂದ ಸಂಜೆ ಚೀಲ ಹೆಗಲಿಗೇರಿಸುವ ತನಕ, ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿದ ಗಂಡ ಈ ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು. ‘ನೀವು ನನ್ನ ಮಾತು ಕೇಳೋದೇ ಇಲ್ಲ’ ಎಂಬ ಆಪಾದನೆ ಹೊತ್ತು ತಿರುಗುತ್ತಿರುವವನೂ ನಾನೇ. ಇದು ಯಾವ ಸೀಮೆಯ ನ್ಯಾಯ ಎಂದು ಯಾರನ್ನಾದರೂ ಕೇಳೋಣವೆಂದರೆ ಎಲ್ಲರೂ ಅವಳ ಪಕ್ಷ. ನನ್ನ ಆಫೀಸಿನವರಂತೂ ಅವಳ ಪಕ್ಷದ ಪದಾಧಿಕಾರಿಗಳು. ಅದಕ್ಕೇ ನಿಮ್ಮ ಮುಂದೆ ಬಂದಿದ್ದೇನೆ. ನೀವಾದರೂ ನನ್ನ ಹೆಂಡತಿಯ ಮುಖ ನೋಡಿಲ್ಲ (ಎಂದು ನಂಬಿದ್ದೇನೆ).

ನಾನು ಮೊಬೈಲ್ ಫೋನ್ ತಯಾರಿಸುವ ಕಂಪನಿಯೊಂದರಲ್ಲಿ ವಿಡಿಯೋ ಪರೀಕ್ಷಕ. ಹೊಸ ಫೋನು ಅಂಗಡಿ ಸೇರುವ ಮೊದಲು ನಮ್ಮ ಮೇಜಿಗೆ ಬರುತ್ತದೆ. ನಾವು ಅದರಲ್ಲಿ ವಿಡಿಯೋ ಹಾಕುತ್ತೇವೆ, ನಿಲ್ಲಿಸುತ್ತೇವೆ, ಹಿಂದಕ್ಕೆ ಎಳೆಯುತ್ತೇವೆ, ಮುಂದಕ್ಕೆ ತಳ್ಳುತ್ತೇವೆ. ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ತಿರುಗಿ ಪರದೆ ತುಂಬಬೇಕು. ಮಧ್ಯೆ ಯಾರಾದರೂ ಕರೆ ಮಾಡಿದರೆ ವಿಡಿಯೋ ಮರ್ಯಾದೆಯಿಂದ ನಿಂತು, ಕರೆ ಮುಗಿದ ಮೇಲೆ ಬಿಟ್ಟ ಜಾಗದಿಂದಲೇ ಶುರುವಾಗಬೇಕು. (ನಮ್ಮ ಮನೆಯ ಜಗಳಗಳೂ ಹೀಗೆಯೇ ನಡೆಯುತ್ತಿದ್ದವು.) ‘ಕೂತು ವಿಡಿಯೋ ನೋಡೋಕೆ ಸಂಬಳಾನಾ?’ ಎಂದು ನೆಂಟರು ಹೊಟ್ಟೆ ಉರಿದುಕೊಳ್ಳುತ್ತಾರೆ. ಒಂದೇ ಮೀನು ಒಂದೇ ಗಾಜಿನ ತೊಟ್ಟಿಯಲ್ಲಿ ಎಡದಿಂದ ಬಲಕ್ಕೆ ಈಜುವುದನ್ನು ವರ್ಷಗಟ್ಟಲೆ ನೋಡಿದರೆ ಆ ಉರಿ ತಾನೇ ಆರುತ್ತದೆ.

ಈ ಕಸುಬಿನಲ್ಲಿ ಒಂದು ಮೂಲಮಂತ್ರವಿದೆ. ವಿಡಿಯೋದಲ್ಲಿ ಏನಿದೆ ಎಂದು ನೋಡಬಾರದು, ಅದು ಹೇಗೆ ಓಡುತ್ತಿದೆ ಎಂದಷ್ಟೇ ನೋಡಬೇಕು. ಕಥೆಗೆ ಮನಸ್ಸು ಕೊಟ್ಟರೆ ದೋಷ ಕಣ್ತಪ್ಪಿಸಿಕೊಂಡು ಹೋಗುತ್ತದೆ. ನಾನು ಈ ಮಂತ್ರವನ್ನು ಸಿದ್ಧಿ ಮಾಡಿಕೊಂಡವನು. ನಮ್ಮ ವಿಭಾಗದ ಮೇಡಂ ಹೊಸಬರಿಗೆ ನನ್ನನ್ನೇ ಉದಾಹರಣೆ ಕೊಡುತ್ತಿದ್ದರು.

ಆಫೀಸಿನ ಆ ಮೀನಿನ ವಿಡಿಯೋದಲ್ಲಿ ಒಂದೇ ಕೊರತೆ. ಮೀನು ಮಾತಾಡುವುದಿಲ್ಲ. ಹಾಗಾಗಿ ತುಟಿ ಮುಂದೆ, ಧ್ವನಿ ಹಿಂದೆ ಬಿದ್ದರೆ ನಮಗೆ ಗೊತ್ತೇ ಆಗುವುದಿಲ್ಲ. ಒಮ್ಮೆ ಇಂಥ ಫೋನೊಂದು ಹಾಗೆಯೇ ಅಂಗಡಿಗೆ ಹೋಗಿ, ಕೊಂಡವರೆಲ್ಲ ಬೈದು, ಮೇಡಂ ಮೇಲಿನವರಿಂದ ಉಗಿಸಿಕೊಂಡು ಬಂದರು. ಬಂದವರೇ ಅಪ್ಪಣೆ ಹೊರಡಿಸಿದರು: ನಿಜವಾದ ಮನುಷ್ಯರು ನಿಜವಾಗಿ ಮಾತಾಡುವ ವಿಡಿಯೋ ಬೇಕು, ಎಲ್ಲರೂ ಒಂದೊಂದು ತನ್ನಿ, ಚೆನ್ನಾಗಿರುವುದನ್ನು ಆರಿಸೋಣ. ಅಂದು ಶನಿವಾರ. ಪರೀಕ್ಷೆಯ ಫೋನೊಂದನ್ನು ಜೇಬಿಗಿಳಿಸಿಕೊಂಡು ನಾನು ಮನೆಗೆ ಬಂದೆ.

ಇನ್ನು ನನ್ನವಳ ವಿಷಯ. ಅವಳ ಕಸುಬು ಕಟ್ಟುಹಲ್ಲು ಮಾಡುವುದು. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದಕ್ಕೆ ಸರಿಯಾಗಿ ಪ್ಲಾಸ್ಟರ್ ಎರೆದು, ಮೇಣದಲ್ಲಿ ತಿದ್ದಿ, ಹಲ್ಲಿನ ಸಾಲು ಕೂರಿಸಿ ಕಳಿಸುವವಳು. ಮದುವೆಗೆ ಮುಂಚೆ ಅವಳ ಕೈಯ ಹಲ್ಲಿಗೆ ಬೇರೆಯದೇ ಬೆಲೆ ಇತ್ತಂತೆ. ಕೆಲಸ ಮಾಡುತ್ತಿದ್ದ ಲ್ಯಾಬು ಮುಚ್ಚಿದ ಮೇಲೆ ಮನೆಯಲ್ಲಿ ಕೂತಿದ್ದಳು. ಆಗ ನಮ್ಮ ರಸ್ತೆಯ ತಿರುವಿನಲ್ಲಿರುವ ಹಲ್ಲಿನ ಡಾಕ್ಟರಮ್ಮ ಅವಳಿಗೆ ಒಂದು ಮಾತು ಹೇಳಿದರು. ಮನೆಯಲ್ಲೇ ಒಂದು ಬೆಳಕಿನ ಕೋಣೆ ಮಾಡಿಕೊಂಡರೆ ತಮ್ಮ ಕೆಲಸವೆಲ್ಲ ಅವಳಿಗೇ, ಬರುವ ತಿಂಗಳಿನಿಂದಲೇ. ಹಲ್ಲಿನ ಬಣ್ಣ ಹೊಂದಿಸಲು ಹಗಲಿನ ಬೆಳಕೇ ಬೇಕು, ಪ್ಲಾಸ್ಟರಿನ ಧೂಳನ್ನು ಅಡುಗೆಮನೆಯಲ್ಲಿ ಎಬ್ಬಿಸುವಂತಿಲ್ಲ. ನಮ್ಮ ಮನೆಯಲ್ಲಿ ಅಂಥ ಬೆಳಕಿರುವುದು ರಸ್ತೆ ಕಡೆಯ ಮುಂದಿನ ಕೋಣೆಗೆ ಮಾತ್ರ.

ಆ ಕೋಣೆಯಲ್ಲಿ ನನ್ನ ಐಶ್ವರ್ಯವಿತ್ತು. ಸತ್ತ ಫೋನುಗಳು, ಅವುಗಳ ಖಾಲಿ ಡಬ್ಬಿಗಳು, ಯಾವ ಫೋನಿನದೆಂದು ದೇವರಿಗೂ ಗೊತ್ತಿಲ್ಲದ ಚಾರ್ಜರುಗಳು, ಪರದೆ ಒಡೆದ ಟಿವಿ, ಒಂದೇ ಕಿವಿಗೆ ಕೇಳಿಸುವ ಹೆಡ್‌ಫೋನುಗಳು. ಎಂದಾದರೂ ಉಪಯೋಗಕ್ಕೆ ಬರುತ್ತವೆ ಎಂದು ನಾನು, ಎಂದೂ ಬರುವುದಿಲ್ಲ ಎಂದು ಅವಳು. ಅವಳು ಕೋಣೆಯ ವಿಷಯ ಎತ್ತಿದಾಗಲೆಲ್ಲ ನಾನು ‘ಹೂಂ, ನೋಡೋಣ’ ಎನ್ನುತ್ತಿದ್ದೆ. ಸಂಸಾರದಲ್ಲಿ ಇದಕ್ಕಿಂತ ಮಿತವ್ಯಯದ ಉತ್ತರ ಇನ್ನೊಂದಿಲ್ಲ.

ಭಾನುವಾರ ಬೆಳಗ್ಗೆ ಅಡುಗೆಮನೆಯಲ್ಲಿ ಅವಳು ಮತ್ತೆ ಶುರು ಮಾಡಿದಳು. ನಾನು ಮೇಜಿನ ಹತ್ತಿರ ಕೂತು ಕ್ಯಾಮೆರಾ ತಿರುಗಿಸುತ್ತಿದ್ದೆ. ಪರದೆಯ ಮೇಲೆ ಅವಳ ಮುಖ ಬಂತು. ಆಹಾ, ಎಂಥ ತುಟಿ ಚಲನೆ, ಎಂಥ ವೇಗ, ಎಷ್ಟು ಸ್ಪಷ್ಟ ಉಚ್ಚಾರಣೆ. ಕೆಳಸ್ವರದಲ್ಲಿ ಹೊರಟು ನಿಧಾನವಾಗಿ ಏರಿ, ತುದಿಯಲ್ಲಿ ಪಾತ್ರೆಯೊಂದನ್ನು ಕುಕ್ಕುವಾಗ ಬರುವ ಆ ಠಣತ್ಕಾರ. ಇಂಥ ಸಂಪತ್ತನ್ನು ಮನೆಯಲ್ಲಿಟ್ಟುಕೊಂಡು ನಾವು ಮೀನು ನೋಡುತ್ತಿದ್ದೆವಲ್ಲ ಎಂದು ನನ್ನ ಮೈ ಜುಮ್ಮೆಂದಿತು. ಆದರೆ ಅಡುಗೆಮನೆಯಲ್ಲಿ ಬೆಳಕು ಸಾಲದು.

“ಇಲ್ಲಿ ಬೇಡ. ಮುಂದಿನ ಕೋಣೆಗೆ ಬಾ. ಅಲ್ಲಿ ಕಿಟಕಿ ಹತ್ರ ನಿಂತು ಇನ್ನೊಂದ್ಸಲ ಹೇಳು,” ಎಂದೆ.

ಅವಳು ಒಂದು ಕ್ಷಣ ನನ್ನ ಮುಖವನ್ನೇ ನೋಡಿದಳು. ಇಷ್ಟು ದಿನ ಕೋಣೆಯ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದ ಗಂಡ ಇಂದು ತಾನಾಗಿ ಕೋಣೆಗೆ ಕರೆಯುತ್ತಿದ್ದಾನೆ. ಕೈ ಒರೆಸಿಕೊಂಡು, ಕೂದಲು ಸರಿ ಮಾಡಿಕೊಂಡು ಬಂದಳು. ಡಬ್ಬಿಗಳನ್ನು ದಾಟಿ ಕಿಟಕಿಯ ಪಕ್ಕ ನಿಂತಳು. ಈ ಬಾರಿ ಬೈಯಲಿಲ್ಲ. ಒಂದೊಂದಾಗಿ, ಕೈ ತೋರಿಸಿ, ಸಮಾಧಾನವಾಗಿ ಹೇಳಿದಳು. ಏನು ಹೇಳಿದಳು ಎಂದು ಈಗ ನನ್ನನ್ನು ಕೇಳಬೇಡಿ, ಆ ಪ್ರಶ್ನೆ ಮುಂದೆ ಬರುತ್ತದೆ. ನಾನು ಕಂಡದ್ದು, ಅವಳ ಕೈ ಕಿಟಕಿಯ ಬೆಳಕನ್ನು ಅಡ್ಡ ಹಾಯುವಾಗ ಬೆರಳ ಅಂಚು ಮಸುಕಾಗದೆ ನಿಂತದ್ದು. ಅಪೂರ್ವವಾದ ದೃಶ್ಯ. ಕೊನೆಗೆ ಅವಳು ಮಾತು ನಿಲ್ಲಿಸಿ, ನನ್ನತ್ತ ತಿರುಗಿ, ‘ಏನಂತೀರಿ?’ ಎಂದಳು.

“ಬೆಳಕು ಚೆನ್ನಾಗಿದೆ,” ಎಂದೆ.

“ನಾನೂ ಅದನ್ನೇ ಹೇಳ್ತಿರೋದು,” ಎಂದು ಅವಳು ನಕ್ಕಳು. ನಾನು ಅಲ್ಲಿಗೆ ಚಿತ್ರೀಕರಣ ನಿಲ್ಲಿಸಿದೆ. ಅವಳ ಆ ನಗು ವಿಡಿಯೋದಲ್ಲಿ ಬಂದಿಲ್ಲ, ನನ್ನ ಮಾತಿನ ಹತ್ತಿರವೇ ಕತ್ತರಿಸಿದೆ.

ಆಫೀಸಿನಲ್ಲಿ ನನ್ನ ವಿಡಿಯೋದ ಮುಂದೆ ಮಿಕ್ಕವರದೆಲ್ಲ ನೀರು ಕುಡಿಯಿತು. ಒಬ್ಬನು ತನ್ನ ಸೋದರಮಾವನ ನಿದ್ದೆ ತಂದಿದ್ದ, ಇನ್ನೊಬ್ಬನು ನಾಯಿ. ಮೇಡಂ ನನ್ನದನ್ನೇ ವಿಭಾಗದ ಅಧಿಕೃತ ಪರೀಕ್ಷಾ ವಿಡಿಯೋ ಎಂದು ಘೋಷಿಸಿದರು. ಧ್ವನಿ ಪರೀಕ್ಷಿಸುವವನೊಬ್ಬನಿದ್ದಾನೆ, ಅವನನ್ನು ನಾವು ಕಿವಿಯಪ್ಪ ಎನ್ನುತ್ತೇವೆ. ಪರದೆಯ ಹೊಳಪು ಅಳೆಯಲು ದಿನವಿಡೀ ಕತ್ತಲ ಕೋಣೆಯಲ್ಲಿ ಕೂರುವವನಿಗೆ ಗೂಬೆ ಎಂದು ಹೆಸರು. ಇಬ್ಬರೂ ಅದನ್ನು ‘ಅತ್ತಿಗೆ ಕ್ಲಿಪ್ಪು’ ಎಂದು ಕರೆದರು, ಆ ಹೆಸರೇ ನಿಂತಿತು. ‘ಅತ್ತಿಗೇನ ಬ್ಲೂಟೂತಲ್ಲಿ ಹಾಕಿ ನೋಡಿದ್ಯಾ?’ ‘ಅತ್ತಿಗೆ ಎರಡು ಪಟ್ಟು ವೇಗದಲ್ಲಿ ತೊದಲ್ತಾರೆ ನೋಡು’ ಎಂದೆಲ್ಲ ಮಾತು ಕೇಳಿಬಂದಾಗ ನನಗೆ ಮುಜುಗರವಾಗಬೇಕಿತ್ತು. ಆಗಲಿಲ್ಲ, ಹೆಮ್ಮೆಯಾಯಿತು. ಹೆಂಡತಿಯ ಬಾಯಿಂದ ಕೀರ್ತಿ ಪಡೆದ ಗಂಡಂದಿರು ಎಷ್ಟು ಜನ ಸಿಗುತ್ತಾರೆ? ಅವಳನ್ನು ಒಂದು ಮಾತು ಕೇಳಬೇಕು ಎಂದು ಮಾತ್ರ ನನಗಾಗಲಿ, ಬೇರೆ ಯಾರಿಗಾಗಲಿ ತೋಚಲಿಲ್ಲ. ನಾನು ಕೇಳಿರುತ್ತೇನೆ ಎಂದು ಅವರು ಅಂದುಕೊಂಡಿದ್ದರಂತೆ.

ಇತ್ತ ಮನೆಯಲ್ಲಿ ಅವಳು ಕಾದಳು. ಡಬ್ಬಿ ಯಾವಾಗ ತೆಗೆಯುತ್ತೀರಿ ಎಂದು ಕೇಳಿದಳು, ‘ಹೂಂ, ನೋಡೋಣ’ ಎಂದೆ. ತಿಂಗಳು ತಿರುಗಿತು. ಒಂದು ಸಂಜೆ ನಾನು ಯಾವುದೋ ಇಯರ್‌ಫೋನು ಪರೀಕ್ಷಿಸುತ್ತ ಸೋಫಾದಲ್ಲಿ ಒರಗಿದ್ದಾಗ ಅವಳು ಬಂದು ಎದುರು ನಿಂತು ಏನೋ ಹೇಳಿದಳು. ತಲೆಯಾಡಿಸಿದೆ. ಡಾಕ್ಟರಮ್ಮ ಕೆಲಸವನ್ನು ಬೇರೆ ಯಾರಿಗೋ ಕೊಟ್ಟುಬಿಟ್ಟರು ಎಂದು ಅವಳು ಹೇಳಿದ್ದಳಂತೆ. ಅಂದಿನಿಂದ ಮನೆಯಲ್ಲಿ ಧ್ವನಿ ಇಳಿಯುತ್ತ ಇಳಿಯುತ್ತ ಸೊನ್ನೆಗೆ ಬಂತು. ಊಟ ಮೇಜಿನ ಮೇಲಿರುತ್ತಿತ್ತು, ಬಟ್ಟೆ ಕಪಾಟಿನಲ್ಲಿರುತ್ತಿತ್ತು, ಮಾತು ಮಾತ್ರ ಇಲ್ಲ. ಮೂಢನಾದ ನಾನು ಅದನ್ನು ಶಾಂತಿ ಎಂದುಕೊಂಡು ಸುಖಪಟ್ಟೆ. ಹಗಲೆಲ್ಲ ಆಫೀಸಿನಲ್ಲಿ ಅವಳ ದನಿ ಕೇಳಿ ಬಂದವನಿಗೆ ಮನೆಯಲ್ಲಿ ಅದು ನಿಂತುಹೋದದ್ದು ಗೊತ್ತೇ ಆಗಲಿಲ್ಲ.

ನಮ್ಮ ಕಂಪನಿಯಲ್ಲಿ ವರ್ಷಕ್ಕೊಮ್ಮೆ ಮನೆಯವರನ್ನು ಕರೆತಂದು ಕೆಲಸದ ಜಾಗ ತೋರಿಸುವ ದಿನವೊಂದಿದೆ. ಬರುವುದಿಲ್ಲ ಎನ್ನುತ್ತಾಳೆ ಎಂದು ಧೈರ್ಯವಾಗಿ ಕರೆದೆ. ಬಂದಳು.

ಬಾಗಿಲಲ್ಲೇ ಗ್ರಹಚಾರ ಶುರುವಾಯಿತು. ಎದುರಾದವರೆಲ್ಲ ಹಳೆಯ ಪರಿಚಯದವರಂತೆ ಅವಳಿಗೆ ನಗುತ್ತಿದ್ದಾರೆ. ಯಾರ್ರೀ ಇವರು ಎಂದು ಅವಳು ಕಣ್ಣಲ್ಲೇ ಕೇಳುತ್ತಿದ್ದಾಳೆ. ನಾನು ಅವಳನ್ನು ಬೇಗ ಬೇಗ ಕಾಫಿಯ ಕಡೆಗೆ ನಡೆಸುತ್ತಿದ್ದೇನೆ. ಅಷ್ಟರಲ್ಲಿ ಕಿವಿಯಪ್ಪ ಎದುರಿಗೆ ಬಂದು ಕೈ ಮುಗಿದು ನಿಂತ.

“ಅತ್ತಿಗೆ, ಬೆಂಚು ಕಿಟಕಿ ಕೆಳಗೇ ಹಾಕಿಸಿದ್ರಾ? ಎಡಗಡೆ ಅಲ್ವಾ ನೀವು ಕಪಾಟು ಅಂದಿದ್ದು?”

ಅವಳು ನಿಂತುಬಿಟ್ಟಳು. “ಯಾವ ಬೆಂಚು? ನಿಮಗೆ ಹೇಗೆ ಗೊತ್ತು?”

ಕಿವಿಯಪ್ಪನಿಗೆ ಕಿವಿ ಚುರುಕು, ಬುದ್ಧಿ ಅಷ್ಟಿಲ್ಲ. ನಾನು ಕಣ್ಣು ಮಿಟುಕಿಸಿದ್ದನ್ನು ಕಣ್ಣಿಗೆ ಧೂಳು ಬಿದ್ದಿದೆ ಎಂದು ಭಾವಿಸಿ, ‘ಬನ್ನಿ ಅತ್ತಿಗೆ, ತೋರಿಸ್ತೀನಿ’ ಎಂದು ಅವಳನ್ನು ಪರೀಕ್ಷೆಯ ಹಾಲಿಗೆ ಕರೆದುಕೊಂಡು ಹೋದ.

ಹಾಲಿನಲ್ಲಿ ಉದ್ದನೆಯ ಮೇಜಿನ ಮೇಲೆ ಹೊಸ ಮಾದರಿಯ ಫೋನುಗಳು ಸಾಲಾಗಿ ಸ್ಟ್ಯಾಂಡಿನಲ್ಲಿ ನಿಂತಿದ್ದವು. ಪ್ರತಿಯೊಂದರಲ್ಲೂ ಅವಳೇ. ಒಂದರಲ್ಲಿ ಕಿಟಕಿಯತ್ತ ಕೈ ತೋರಿಸುತ್ತಿದ್ದಾಳೆ, ಪಕ್ಕದ್ದರಲ್ಲಿ ಇನ್ನೂ ಬಾಯಿ ತೆರೆಯುತ್ತಿದ್ದಾಳೆ, ಅದರಾಚೆಯದರಲ್ಲಿ ‘ಏನಂತೀರಿ?’ ಎಂದು ತಿರುಗುತ್ತಿದ್ದಾಳೆ. ಒಂದರ ಹಿಂದೆ ಒಂದು ಏನಂತೀರಿ, ಏನಂತೀರಿ, ಏನಂತೀರಿ. ಪ್ರತಿಸಲವೂ ಹಿಂದಿನಿಂದ ನನ್ನ ಘನವಾದ ಕಂಠ: ಬೆಳಕು ಚೆನ್ನಾಗಿದೆ.

ಅವಳು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನಡೆದು ಎಲ್ಲವನ್ನೂ ನೋಡಿದಳು. ಕಿರುಚುತ್ತಾಳೆ ಎಂದು ನಾನು ಬಾಗಿಲ ಕಡೆ ಸರಿದು ನಿಂತಿದ್ದೆ. ಕಿರುಚಿದ್ದರೆ ನನಗೆ ಒಳ್ಳೆಯದಿತ್ತು. ಅಷ್ಟರಲ್ಲಿ ಮೇಡಂ ಬಂದು, ಫೋನುಗಳ ಧ್ವನಿ ಅಡಗಿಸಿ, ಪರಿಚಯ ಹೇಳಿಕೊಂಡು, ಇವರ ಒಪ್ಪಿಗೆ ಸಿಕ್ಕಿದ್ದು ವಿಭಾಗಕ್ಕೆ ಎಷ್ಟು ಉಪಕಾರವಾಯಿತು ಎಂದು ಕೃತಜ್ಞತೆ ಅರ್ಪಿಸತೊಡಗಿದರು. ಅವಳು ‘ಒಪ್ಪಿಗೆ’ ಎಂಬ ಪದವನ್ನು ಒಂದು ಸಲ ಮೆಲ್ಲಗೆ ಹೇಳಿಕೊಂಡಳು. ಮೇಡಂ ನನ್ನತ್ತ ತಿರುಗಿದರು. ನಾನು ಚಾವಣಿ ನೋಡಿದೆ.

ಅವಳು ಮೇಜಿನ ಮೇಲಿನ ಒಂದು ಫೋನು ತೆಗೆದುಕೊಂಡಳು. ಅದರಲ್ಲಿ ಮಾತಾಡುತ್ತಿದ್ದ ತನ್ನನ್ನು ನಿಲ್ಲಿಸಿ, ಕ್ಯಾಮೆರಾ ತೆರೆದು, ನನ್ನ ಮುಖಕ್ಕೆ ಹಿಡಿದಳು.

“ಈ ಕಡೆ ನೋಡಿ. ಇದನ್ನ ಎಷ್ಟೋ ತಿಂಗಳಿಂದ ದಿನಾ ನೋಡ್ತಿದ್ದೀರಲ್ಲ. ಇದರಲ್ಲಿ ನಾನು ನಿಮ್ಮನ್ನ ಏನು ಕೇಳಿದ್ದೀನಿ, ಹೇಳಿ.”

ಪ್ರಶ್ನೆ ಸುಲಭದ್ದು. ಅವಳ ಸ್ವರ ಎಲ್ಲಿ ಏರುತ್ತದೆ ನನಗೆ ಗೊತ್ತು. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಎಲ್ಲಿ ಎಡ ಹುಬ್ಬು ಅಲುಗುತ್ತದೆ, ಹೊರಗೆ ರಸ್ತೆಯಲ್ಲಿ ಸೈಕಲ್ ಗಂಟೆ ಯಾವ ಪದದ ಮೇಲೆ ಬೀಳುತ್ತದೆ, ಎಲ್ಲ ಗೊತ್ತು. ಪದ ಯಾವುದು ಎಂಬುದು ಮಾತ್ರ ಗೊತ್ತಿಲ್ಲ. ಬಾಯಿ ತೆರೆದೆ. ‘ಕೋಣೆ’ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು, ಕೋಣೆಯ ವಿಷಯ ಏನು ಎಂದು ಮುಂದಿನ ಪ್ರಶ್ನೆ ಬಂದರೆ ಗತಿಯೇನು ಎಂದು ಮುಚ್ಚಿದೆ. ಮತ್ತೆ ತೆರೆದೆ. ಅಷ್ಟು ಜನರಿದ್ದ ಹಾಲಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮತ್ತೆ ಮುಚ್ಚಿದೆ.

ನೋಡಲಾರದೆ ಕಿವಿಯಪ್ಪ ಬಾಯಿ ಹಾಕಿದ. ಕಿಟಕಿ ಕೆಳಗೆ ಬೆಂಚು, ಎಡಗೋಡೆಗೆ ಕಪಾಟು, ನೀರಿಗೆ ಹಿತ್ತಲಿನ ನಲ್ಲಿಯಿಂದ ಒಂದು ಪೈಪು ಎಂದು ಪಾಠ ಒಪ್ಪಿಸುವವನಂತೆ ಒಪ್ಪಿಸಿದ. ಗೂಬೆ ಕತ್ತಲಿನಿಂದ ಕಣ್ಣುಜ್ಜಿಕೊಂಡು ಹೊರಬಂದು, ಧೂಳು ಒಳಮನೆಗೆ ಬರದ ಹಾಗೆ ಬಾಗಿಲಿಗೆ ಪರದೆ ಎಂದು ಸೇರಿಸಿದ. ಉಳಿದದ್ದನ್ನು ಮೇಡಂ ಹೇಳಿದರು.

“ಮನೆಯಲ್ಲಿ ಕೂತು ಕೂತು ಕೈ ಮರೆತುಹೋಗ್ತಿದೆ, ಈ ಕೆಲಸ ಬಿಟ್ರೆ ಮತ್ತೆ ಸಿಗಲ್ಲ, ಇದೊಂದು ಕೋಣೆ ನನಗೆ ಕೊಡಿ ಅಂತ ಕೇಳಿದ್ದಾರೆ.” ಅನಂತರ ನನ್ನ ಕಡೆ ನೋಡಿ, “ನೀವು ಅವತ್ತೇ ಕೊಟ್ಟಿದ್ದೀರಿ ಅಂತ ನಾವೆಲ್ಲ ಅಂದ್ಕೊಂಡಿದ್ವಿ,” ಎಂದರು.

ಪರರ ಹೆಂಡತಿಯ ಮಾತನ್ನು ಜನ ಎಷ್ಟು ಶ್ರದ್ಧೆಯಿಂದ ಕೇಳುತ್ತಾರೆ ನೋಡಿ. ಅವರೂ ನನ್ನಂತೆ ಅದೇ ಮೂಲಮಂತ್ರ ಕಲಿತವರು. ಅವರವರ ಮನೆಯ ವಿಡಿಯೋ ಆಗಿದ್ದರೆ ಅವರಿಗೂ ಒಂದಕ್ಷರ ಕೇಳಿಸುತ್ತಿರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಆದರೆ ಆ ಹೊತ್ತಿನಲ್ಲಿ ಈ ವಾದ ಮಂಡಿಸುವ ತಾಕತ್ತು ನನಗಿರಲಿಲ್ಲ. ನನಗೆ ನಾಚಿಕೆಯಾಗಿತ್ತು. ಅವಳು ಡಬ್ಬಿಗಳ ಮಧ್ಯೆ ಕೂದಲು ಸರಿಮಾಡಿಕೊಂಡು ನಿಂತದ್ದು ಯಾಕೆಂದು ನನಗೆ ಆಗ ಹೊಳೆಯಿತು.

ಅವಳು ಚಿತ್ರೀಕರಣ ನಿಲ್ಲಿಸಿ, ಫೋನನ್ನು ಸ್ಟ್ಯಾಂಡಿನಲ್ಲಿಟ್ಟು, ತನ್ನ ವಿಡಿಯೋ ಒಂದು ಫೋನಿನಲ್ಲೂ ಉಳಿಯಬಾರದು ಎಂದು ಮೇಡಂಗೆ ಹೇಳಿದಳು. ಮೇಡಂ ಅವಳೆದುರಿಗೇ ನಿಂತು ಎಲ್ಲ ಅಳಿಸಿಹಾಕಿಸಿದರು. ಒಂದೊಂದೇ ಪರದೆ ಕಪ್ಪಾಗುತ್ತ ಬಂತು. ದಾರಿಯಲ್ಲಿ ಬರುವಾಗ ನಾನು ಧೈರ್ಯ ಮಾಡಿ, ಅದರಲ್ಲಿ ಹೇಳಿದ್ದನ್ನು ನನಗೆ ಇನ್ನೊಂದು ಸಲ ಹೇಳು, ಈಗ ಸರಿಯಾಗಿ ಕೇಳುತ್ತೇನೆ ಎಂದೆ.

“ಅವತ್ತೊಂದೇ ದಿನ ಎರಡು ಸಲ ಹೇಳಿದ್ದೀನಿ,” ಎಂದಳು. “ಎರಡನೇ ಸಲ ನೀವೇ ಕೇಳಿ ಹೇಳಿಸಿಕೊಂಡಿದ್ದು.”

ಮುಂದಿನ ಭಾನುವಾರ ಕಿವಿಯಪ್ಪ, ಗೂಬೆ, ಇನ್ನಿಬ್ಬರು ನಮ್ಮ ಮನೆಗೆ ಬಂದರು. ನನ್ನನ್ನು ಮಾತನಾಡಿಸಲಿಲ್ಲ. ಕೋಣೆಗೆ ಹೊಸಬರಾದರೂ ಒಬ್ಬನೂ ಅಳತೆ ಕೇಳಲಿಲ್ಲ, ಯಾವುದು ಎಲ್ಲಿ ಎಂದು ಕೇಳಲಿಲ್ಲ. ನನ್ನ ಐಶ್ವರ್ಯ ಗುಜರಿಯ ಗಾಡಿ ಹತ್ತಿತು. ಬೆಂಚು ಕಿಟಕಿಯ ಕೆಳಗೆ ಕೂತಿತು, ಎಡಗೋಡೆಗೆ ಕಪಾಟು, ಬಾಗಿಲಿಗೆ ಪರದೆ. ನಾನು ಎಲ್ಲರಿಗೂ ಕಾಫಿ ಹಂಚಿದೆ. ನನ್ನ ಪಾಲಿಗೆ ಬಂದ ಕೆಲಸ ಅದೊಂದೇ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ಹಲ್ಲಿನ ಕಸುಬಿನವಳಿಗೇ ಈ ಗಾದೆ ಗಂಟುಬೀಳಬೇಕೆ? ಕೋಣೆ ಸಿದ್ಧವಾಯಿತು, ಕೆಲಸ ಇರಲಿಲ್ಲ. ತಿರುವಿನ ಡಾಕ್ಟರಮ್ಮನ ಬಳಿ ಹೋಗಿ ನಾನೇ ಕೇಳಿ ನೋಡಿದೆ. ಪಾಪ, ಒಳ್ಳೆಯ ಹೆಂಗಸು, ನಿಮ್ಮ ಹೆಂಡತಿಗೆ ಆಸಕ್ತಿ ಇಲ್ಲವೇನೋ ಅಂದುಕೊಂಡೆ ಎಂದರು. ನನ್ನವಳು ಅಚ್ಚುಗಳ ಮಾದರಿಯನ್ನು ಚೀಲದಲ್ಲಿ ಹಾಕಿಕೊಂಡು ಊರೆಲ್ಲ ತಿರುಗಿದಳು. ಕೊನೆಗೆ ಊರಿನ ಆ ತುದಿಯಲ್ಲಿ, ಎರಡು ಬಸ್ಸು ಬದಲಾಯಿಸಿ ಹೋಗಬೇಕಾದ ಕಡೆ ಇರುವ ಮುದಿ ಡಾಕ್ಟರೊಬ್ಬರು ಕೆಲಸ ಕೊಟ್ಟರು. ಹಲ್ಲು ಒಯ್ದು ತಲುಪಿಸುವ ಭಾಗ್ಯ ನನ್ನದು. ಮನೆಯಲ್ಲಿ ಈಗ ಮಾತು ಸ್ವಲ್ಪ ಶುರುವಾಗಿದೆ. ‘ಡಬ್ಬಿ ಅಲುಗಾಡಿಸಬೇಡಿ.’ ‘ಮೇಲಿನ ಸಾಲು ಕೆಳಗೆ ಮಾಡಬೇಡಿ.’ ನಾನು ಒಂದಕ್ಷರ ಬಿಡದೆ ಕೇಳಿಸಿಕೊಳ್ಳುತ್ತೇನೆ, ತಿರುಗಿ ಒಪ್ಪಿಸುತ್ತೇನೆ. ಅವಳಿಗೆ ನಂಬಿಕೆ ಇಲ್ಲ, ಚೀಟಿಯನ್ನೂ ಬರೆದು ಜೇಬಿಗೆ ಹಾಕುತ್ತಾಳೆ.

ಒಂದು ವಿಷಯ ಉಳಿಯಿತು. ಅತ್ತಿಗೆ ಕ್ಲಿಪ್ಪು ಹೋದ ಮೇಲೆ ಆಫೀಸಿಗೆ ಹೊಸ ವಿಡಿಯೋ ಬೇಕಿತ್ತು. ಅಂದು ಅವಳು ಮೇಜಿನ ಮೇಲಿಟ್ಟು ಬಂದ ಫೋನಿನಲ್ಲಿ ನನ್ನ ಮುಖದ ವಿಡಿಯೋ ಇತ್ತಲ್ಲ. ಮೇಡಂ ಈ ಬಾರಿ ಬುದ್ಧಿ ಕಲಿತು, ಅದನ್ನು ತೆಗೆದವಳಿಗೇ ಫೋನು ಮಾಡಿ ಒಪ್ಪಿಗೆ ಕೇಳಿದರು. ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಿ ಎಂದಳಂತೆ ಧಾರಾಳಿ. ನನ್ನನ್ನೂ ಕೇಳಿದರು. ಎಲ್ಲರೂ ನನ್ನತ್ತಲೇ ನೋಡುತ್ತಿದ್ದರು, ತಲೆಯಾಡಿಸಿದೆ.

ಈಗ ಆ ಉದ್ದನೆಯ ಮೇಜಿನ ಮೇಲೆ ಸಾಲಾಗಿ ನಾನೇ ಇದ್ದೇನೆ. ಅವಳ ಪ್ರಶ್ನೆಗೂ ಕಿವಿಯಪ್ಪನ ಉತ್ತರಕ್ಕೂ ನಡುವಿನ ನನ್ನ ಭಾಗವನ್ನಷ್ಟೇ ಕತ್ತರಿಸಿ ಇಟ್ಟುಕೊಂಡಿದ್ದಾರೆ. ಬಾಯಿ ತೆರೆಯುತ್ತೇನೆ, ಮುಚ್ಚುತ್ತೇನೆ, ಮತ್ತೆ ತೆರೆಯುತ್ತೇನೆ, ಮತ್ತೆ ಮುಚ್ಚುತ್ತೇನೆ. ಮೀನೇ ವಾಸಿಯಿತ್ತು ಎಂದು ಗೂಬೆ ಒಮ್ಮೆ ಅಂದ. ಕೆಲಸಕ್ಕೆ ಹೊಸದಾಗಿ ಸೇರಿದ ಪ್ರತಿಯೊಬ್ಬರೂ ಮೊದಲ ದಿನವೇ ಇಯರ್‌ಫೋನ್ ಕಿತ್ತು ನೋಡಿ, ವಾಲ್ಯೂಮ್ ಏರಿಸಿ ನೋಡಿ, ಫೋನು ಬದಲಿಸಿ ನೋಡಿ, ಕೊನೆಗೆ ದೂರು ಬರೆಯುತ್ತಾರೆ: ‘ಚಿತ್ರ ಸ್ಪಷ್ಟವಾಗಿದೆ. ತುಟಿ ಅಲುಗುತ್ತಿದೆ. ಧ್ವನಿ ಬರುತ್ತಿಲ್ಲ.’

ಇಂಥ ದೂರುಗಳಿಗೆ ಉತ್ತರ ಬರೆದು ಸಹಿ ಹಾಕುವ ಕೆಲಸವನ್ನು ಮೇಡಂ, ಹಿರಿಯನೆಂದು, ನನಗೇ ವಹಿಸಿದ್ದಾರೆ. ಪ್ರತಿಸಲವೂ ಒಂದೇ ಸಾಲು ಬರೆಯುತ್ತೇನೆ. ‘ಪರಿಶೀಲಿಸಲಾಗಿದೆ. ದೋಷ ಫೋನಿನದಲ್ಲ.’